ನೂರು ಫೀಲ್ಡ್

ಮಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಇಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮೇಜಿನ ಮೇಲೆ ಮಲೇರಿಯಾ ಸ್ಲೈಡುಗಳ ಸಾಲು.

ಕಾಲೇಜಿನಲ್ಲಿ ನನಗೆ 'ತಲೆ ಚುರುಕು' ಅಂತ ಹೆಸರಿತ್ತು. ಹಿಂದಿನ ರಾತ್ರಿ ಓದಿ ಮರುದಿನ ಬರೆದುಬಿಡುತ್ತಿದ್ದೆ. ಆ ಹೆಸರನ್ನು ಕೆಲಸಕ್ಕೂ ಹೊತ್ತು ತಂದೆ. ಪಕ್ಕದ ಮೈಕ್ರೋಸ್ಕೋಪಿನ ಅಕ್ಕ ಒಂದು ಸ್ಲೈಡ್ ಮುಗಿಸುವಷ್ಟರಲ್ಲಿ ನನ್ನದು ಮೂರು ಆಗಿರುತ್ತಿತ್ತು. ಅವರು ಪಿಯುಸಿಗೆ ಎರಡು ಸಲ ಕಟ್ಟಿದವರು, ಅದನ್ನು ಅವರೇ ನಗುತ್ತಾ ಹೇಳುತ್ತಾರೆ. ಯಾರ ತಲೆ ಎಷ್ಟು ಅಂತ ನಾನು ಒಳಗೊಳಗೇ ಲೆಕ್ಕ ಹಾಕಿಬಿಟ್ಟಿದ್ದೆ.

ದಪ್ಪ ಸ್ಮಿಯರ್ (ಸ್ಲೈಡಿನ ಮೇಲೆ ದಪ್ಪಗೆ ಹಚ್ಚಿದ ರಕ್ತ) ನೋಡಲು ಒಂದು ಹನಿ ಎಣ್ಣೆ, ನೂರು ಪಟ್ಟಿನ ಲೆನ್ಸ್ ಬೇಕು. ಕೆಂಪು ಕಣಗಳು ಅಷ್ಟರಲ್ಲೇ ಒಡೆದು ಹೋಗಿರುತ್ತವೆ. ಉಳಿಯುವುದು ಬಿಳಿ ಕಣ, ಒಂದಿಷ್ಟು ಕಸ. ಇದ್ದರೆ ಪ್ಯಾರಸೈಟ್, ಮಲೇರಿಯಾ ತರುವ ಜೀವಿ. ಚೂರೇ ಚೂರು ನೀಲಿ, ಅದಕ್ಕಂಟಿದ ಒಂದು ಕೆಂಪು ಚುಕ್ಕಿ, ಹರಳಿನ ಉಂಗುರದ ಹಾಗೆ. ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಜಾಗ ಒಂದು ಫೀಲ್ಡ್. ನೆಗೆಟಿವ್ ಅನ್ನುವ ಮೊದಲು ಕನಿಷ್ಠ 100 ಫೀಲ್ಡ್ ನೋಡಬೇಕು ಅನ್ನುವುದು ನಿಯಮ. ನಾನು ಮೂವತ್ತಕ್ಕೆ ಎದ್ದುಬಿಡುತ್ತಿದ್ದೆ. ಇದ್ದಿದ್ದರೆ ಇಷ್ಟೊತ್ತಿಗೆ ಕಾಣಬೇಕಿತ್ತು, ಅಲ್ವಾ?

ಒಂದು ಜುಲೈ. ಕಟ್ಟಡ ಕೆಲಸಕ್ಕೆ ಬಂದಿದ್ದ ಹುಡುಗನಿಗೆ ನೆಗೆಟಿವ್ ಬರೆದೆ. ಎರಡು ದಿನ ಬಿಟ್ಟು ಅಣ್ಣನ ಹೆಗಲು ಹಿಡಿದು ಮತ್ತೆ ಬಂದ. ಬೆಂಚಿನ ಮೇಲೆ ಮುದುಡಿ ಕೂತು ಗಡಗಡ ನಡುಗುತ್ತಿದ್ದ. ಅಕ್ಕ ಏನೂ ಹೇಳದೆ ನನ್ನ ಹಳೆಯ ಸ್ಲೈಡನ್ನೇ ತೆಗೆದರು. ಎಡಗೈಯಲ್ಲಿ ಫೀಲ್ಡ್ ಎಣಿಸುವ ಕೌಂಟರ್. ಟಕ್. ಟಕ್. ಬಹಳ ಹೊತ್ತಾದ ಮೇಲೆ "ಬಾ, ನೋಡು" ಅಂದರು. ಕೌಂಟರ್ 64ರಲ್ಲಿ ನಿಂತಿತ್ತು. ಲೆನ್ಸಿನಡಿ ಉಂಗುರ.

ವೈವಾಕ್ಸ್, ಮಲೇರಿಯಾದ ಒಂದು ಬಗೆ. ಹುಡುಗ 14 ದಿನ ಮಾತ್ರೆ ನುಂಗಿ ಗುಣವಾದ. ನನ್ನನ್ನು ಯಾರೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಹಟಕ್ಕೆ ಬಿದ್ದು ನಾನೂ ನೂರು ಎಣಿಸಿದೆ. ಆದರೂ ಅಕ್ಕನಿಗೆ ಕಂಡದ್ದು ಎಷ್ಟೋ ಸಲ ನನಗೆ ಕಾಣುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಜ್ಜಿ ಹೇಳುತ್ತಿದ್ದದ್ದು ನನ್ನಂಥವರಿಗೇ. ಹಾಗಂತ ನಾನೇನೂ ದಡ್ಡನಲ್ಲ. ರಕ್ತ ಪರೀಕ್ಷಿಸುವ ಅನಲೈಸರ್ ಮಷಿನ್ ಕೈಕೊಟ್ಟರೆ ಅಕ್ಕ ಈಗಲೂ ನನ್ನನ್ನೇ ಕರೆಯುತ್ತಾರೆ. ಆದರೆ ಸ್ಲೈಡಿನ ಮುಂದೆ ಆ ಚುರುಕಿಗೆ ಕೆಲಸವೇ ಇಲ್ಲ.

1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದನ್ನು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಸೊಳ್ಳೆ ಸೀಳಿ ಸೀಳಿ, ಅವರ ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂ ತುಕ್ಕು ಹಿಡಿದಿತ್ತಂತೆ. ಅದು ಪರೀಕ್ಷೆಗೆ ಬರುತ್ತಿರಲಿಲ್ಲ, ಹಾಗಾಗಿ ನಾನು ಓದಿರಲಿಲ್ಲ.

ಈಗಲೂ ಮೂವತ್ತರ ಹತ್ತಿರ ಬಂದಾಗ ಒಳಗಿನಿಂದ ಒಂದು ದನಿ 'ಸಾಕು ಮಾರಾಯ' ಅನ್ನುತ್ತದೆ. ಚಹಾ ಆರುತ್ತಿರುತ್ತದೆ. ಕೌಂಟರ್ ಒತ್ತುತ್ತೇನೆ. ಮೂವತ್ತೊಂದು.