ಬಿಟ್ಟ ಮೇಲೆ ಹೇಗಿರುತ್ತೆ, ನೋಡಿದೀರಾ?

ಮಂಗಳವಾರ ಬೆಳಗ್ಗೆ ಪಾಪು ಕಕ್ಕಿದ ಹಾಲಿನಲ್ಲಿ ಒಂದು ಕೆಂಪು ಎಳೆ ಇತ್ತು. ನೀರಿಗೆ ಕುಂಕುಮ ಬಿದ್ದು ಹರಡಿದ ಹಾಗೆ. ಒರೆಸಲು ಹೋದ ಅಮ್ಮನ ಕೈ ಅಲ್ಲೇ ನಿಂತಿತು. ತಂಗಿ ಗೋಡೆ ಕಡೆ ಮುಖ ಮಾಡಿ, "ಅದು ಪಾಪುದಲ್ಲ, ನನ್ನದು" ಅಂದಳು.

ಹನ್ನೊಂದು ದಿನದ ಬಾಣಂತಿ. ಮೊಲೆತೊಟ್ಟು ಒಡೆದು ಐದು ದಿನ ಆಗಿತ್ತಂತೆ. ಮುಚ್ಚಿಟ್ಟಿದ್ದಳು ಅಂತ ಹೇಳಲಾರೆ. ನೋವು ಅಂತ ಹೇಳಿಯೇ ಇದ್ದಳು. ದೊಡ್ಡಮ್ಮ "ಎಲ್ಲರಿಗೂ ಆಗೋದೇ ಕಣೇ, ನಾಲ್ಕು ದಿನ ತಡ್ಕೊಂಡ್ರೆ ಚರ್ಮ ಗಟ್ಟಿ ಆಗುತ್ತೆ" ಅಂದಿದ್ದರು. ಅಮ್ಮ ಬೆಣ್ಣೆ ಹಚ್ಚಿಸಿದ್ದಳು. ತಂಗಿ ಗಂಡ ಊರಿನಿಂದ ದಿನಕ್ಕೆ ಮೂರು ವಿಡಿಯೋ ಕಳಿಸುತ್ತಿದ್ದ. ಪಾಪ, ಒಳ್ಳೆಯವನೇ, ಆದರೆ ಅಳುತ್ತಿರುವವಳಿಗೆ ವಿಡಿಯೋ ಯಾಕೆ? ನಾನು ಏನು ಮಾಡಿದ್ದೆ? ಅವಳು ಹಾಲು ಕುಡಿಸುವಾಗ ಸ್ಕಾರ್ಫಿನ ತುದಿ ಕಚ್ಚಿಕೊಳ್ಳುವುದನ್ನು ಬಾಗಿಲ ಸಂದಿಯಿಂದ ನೋಡಿ, ಸುಮ್ನೆ ಬಾಗಿಲು ಎಳೆದುಕೊಂಡಿದ್ದೆ.

ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಮಗುವನ್ನು ಪರೀಕ್ಷೆ ಮಾಡಿದ ಡಾಕ್ಟರು, ಹೊಟ್ಟೆಗೆ ಹೋಗಿರುವುದು ತಾಯಿಯ ರಕ್ತ, ಮಗುವಿಗೆ ಏನೂ ಆಗಿಲ್ಲ, ಆದರೆ ತೂಕ ಇನ್ನೂ ಹುಟ್ಟಿದಾಗಿನಷ್ಟಕ್ಕೆ ಬಂದಿಲ್ಲ ಅಂದರು. ಪಕ್ಕದ ಕೋಣೆಯ ಸಿಸ್ಟರ್ ಹತ್ತಿರ ಕಳಿಸಿದರು.

ಸಿಸ್ಟರಿಗೆ ಐವತ್ತು ದಾಟಿರಬೇಕು. ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. "ಕುಡಿಸಮ್ಮ" ಅಂದು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. ತಂಗಿ ಅಭ್ಯಾಸಬಲದಿಂದ ವೇಲ್ ಹೊದ್ದುಕೊಂಡಳು. ಅವರು ಅದನ್ನು ಮೆಲ್ಲಗೆ ಸರಿಸಿದರು. ಎರಡು ನಿಮಿಷ ಒಂದು ಮಾತೂ ಇಲ್ಲ. ಕನ್ನಡಕ ಹಾಕಿಕೊಂಡು, ಬಗ್ಗಿ, ನೋಡಿದರು ಅಷ್ಟೇ. ಆಮೇಲೆ ಕೇಳಿದರು.

"ಬಿಟ್ಟ ಮೇಲೆ ತೊಟ್ಟು ಹೇಗಿರುತ್ತೆ, ನೋಡಿದೀರಾ?"

"ಇಲ್ಲ ಸಿಸ್ಟರ್. ನೋಡಕ್ಕೆ ಭಯ."

"ಹಾಗಾದ್ರೆ ಈಗ ನೋಡೋಣ."

ತಮ್ಮ ಕೈಗೆ ಗ್ಲೌಸ್ ಹಾಕಿ, ಕಿರುಬೆರಳನ್ನು ಪಾಪುವಿನ ಬಾಯಿಯ ಮೂಲೆಗೆ ತೂರಿಸಿ ಹಿಡಿತ ಬಿಡಿಸಿದರು. ನಾವು ಇಷ್ಟು ದಿನ ಎಳೆದು ಬಿಡಿಸುತ್ತಿದ್ದೆವು. ಹೊರಗೆ ಬಂದ ತೊಟ್ಟು ದುಂಡಗಿರಲಿಲ್ಲ. ಕಲ್ಲಿಗೆ ಉಜ್ಜಿ ಮೊನೆ ಮಾಡಿದ ಬಳಪದ ಹಾಗೆ ಒಂದು ಕಡೆಗೆ ಓರೆಯಾಗಿ ಚಪ್ಪಟೆಯಾಗಿತ್ತು. ಓರೆಯ ತುದಿಯಲ್ಲಿ ಬಿಳಿ ಗೆರೆ, ಗೆರೆಯ ಬುಡದಲ್ಲಿ ಬಿರುಕು.

"ನಾಲಿಗೆಯಿಂದ ನಿನ್ನ ಅಂಗುಳ ಮುಟ್ಟಿ ನೋಡಮ್ಮ. ಮುಂದೆ ಗಟ್ಟಿ, ಹಿಂದೆ ಹೋದ್ರೆ ಮೆತ್ತಗೆ, ಅಲ್ವಾ? ತೊಟ್ಟು ಆ ಮೆತ್ತನೆ ಜಾಗಕ್ಕೆ ಹೋಗ್ಬೇಕು. ಇವನು ಬರೀ ತುದಿ ಹಿಡಿದು ಗಟ್ಟಿ ಜಾಗಕ್ಕೆ ಒತ್ತಿ ಅರೀತಿದಾನೆ. ಚರ್ಮ ಗಟ್ಟಿ ಆಗೋದಲ್ಲ, ಹರಿದು ಹೋಗುತ್ತೆ."

ದೊಡ್ಡಮ್ಮ ಅಲ್ಲಿರಬೇಕಿತ್ತು ಅನ್ನಿಸಿತು.

ಬೆನ್ನಿಗೆ ದಿಂಬು ಕೊಟ್ಟರು. ಮಗುವಿನ ಹೊಟ್ಟೆ ತಾಯಿ ಹೊಟ್ಟೆಗೆ ತಾಗುವ ಹಾಗೆ ಪೂರ್ತಿ ತಿರುಗಿಸಿದರು. ಅಲ್ಲಿಯವರೆಗೆ ಅವನು ಅಂಗಾತ ಮಲಗಿ ಕತ್ತು ಮಾತ್ರ ತಿರುಗಿಸುತ್ತಿದ್ದ. ತೊಟ್ಟು ಮಗುವಿನ ಮೂಗಿನ ನೇರಕ್ಕೆ. "ಆಕಳಿಸೋಷ್ಟು ಬಾಯಿ ತೆಗೆಯೋವರೆಗೂ ಕಾಯಿ. ನೀನು ಬಗ್ಗಬೇಡ, ಅವನನ್ನ ಎದೆ ಹತ್ರ ತಗೊ." ಗದ್ದ ಮೊದಲು ತಾಗಿತು. ಕೆಳದುಟಿ ಹೊರಕ್ಕೆ ಮಗುಚಿತು. ತೊಟ್ಟಿನ ಸುತ್ತಲಿನ ಕಪ್ಪು ವರ್ತುಲ ಮೇಲ್ಗಡೆ ಸ್ವಲ್ಪ ಕಾಣುತ್ತಿತ್ತು, ಕೆಳಗಡೆದು ಅವನ ಬಾಯೊಳಗೆ. ತಂಗಿ ಮೊದಲ ಕ್ಷಣಕ್ಕೆ ಮುಖ ಹಿಂಡಿದಳು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಮಡಚಿಕೊಂಡಿದ್ದ ಬೆರಳುಗಳು ಒಂದೊಂದೇ ಬಿಚ್ಚಿಕೊಂಡವು. ಚಪ್ ಚಪ್ ಸದ್ದು ಹೋಗಿ ಗುಟುಕು ಇಳಿಯುವ ಸದ್ದು ಕೇಳಿಸಿತು.

ಬೆಣ್ಣೆ ವಿಷಯ ಬಂದಾಗ ಅಮ್ಮನ ಮುಖ ಸಣ್ಣದಾಯಿತು. ಬೆಣ್ಣೆ ಬೇಡ, ಸೋಪಂತೂ ಬೇಡವೇ ಬೇಡ, ಕುಡಿಸಿದ ಮೇಲೆ ಅವಳದೇ ಎರಡು ಹನಿ ಹಾಲು ಸವರಿ ಗಾಳಿಗೆ ಒಣಗಲು ಬಿಡಿ ಅಂದರು. ಹೊರಡುವಾಗ ಇನ್ನಷ್ಟು ಹೇಳಿದರು. ಹಿಡಿತ ಸರಿಹೋದ ಮೇಲೂ ಕುಡಿಸಿದ ನಂತರ ಉರಿ ನಿಲ್ಲದೆ, ತೊಟ್ಟು ಹೊಳೆಯುವ ಗುಲಾಬಿಯಾಗಿ, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಕಲೆ ಕಂಡರೆ ಅದು ಫಂಗಸ್ ಇರಬಹುದು, ತಾಯಿ ಮಗು ಇಬ್ಬರಿಗೂ ಒಟ್ಟಿಗೇ ಔಷಧಿ ಬೇಕು. ತಣ್ಣಗಿರುವಾಗ ತೊಟ್ಟು ಬೆಳ್ಳಗಾಗಿ ಸೆಳೆದರೆ ಬೆಚ್ಚಗಿನ ಬಟ್ಟೆ ಇಡಬೇಕು. ಎದೆ ಒಂದು ಕಡೆ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಅವತ್ತೇ ಬರಬೇಕು, ಆದರೆ ಹಾಲು ಕುಡಿಸೋದು ನಿಲ್ಲಿಸಬಾರದು.

ವಾಪಸ್ ಬರುವಾಗ ಆಟೋದಲ್ಲಿ ನಾನು ನಾಲಿಗೆಯಿಂದ ಅಂಗುಳ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗಟ್ಟಿ, ಮೆತ್ತಗೆ. ಗಟ್ಟಿ, ಮೆತ್ತಗೆ. ಬಿಟ್ಟ ಮೇಲೆ ಹೇಗಿರುತ್ತೆ, ನೋಡಿದೀರಾ?

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ನಲವತ್ತು ದಿನಕ್ಕೇ ಡಬ್ಬಿ ಹಾಲಿಗೆ ಹೋಗಿದ್ದೆ. "ನನಗೆ ಹಾಲಿರಲಿಲ್ಲ" ಅಂತ ಒಂಬತ್ತು ವರ್ಷದಿಂದ ಎಲ್ಲರಿಗೂ ಹೇಳಿದ್ದೇನೆ. ಅತ್ತೆ ಹಾಗೆ ಹೇಳಿದರು, ನಾನೂ ನಂಬಿದೆ. ನನ್ನ ತೊಟ್ಟು ಒಳಕ್ಕೆ ಸೇರಿಕೊಂಡಿದ್ದವು, ಮಗಳಿಗೆ ಸಿಗುತ್ತಲೇ ಇರಲಿಲ್ಲ. ಸಿರಿಂಜಿನ ಸೂಜಿ ಕಡೆಯ ತುದಿ ಕತ್ತರಿಸಿ, ಪಿಸ್ಟನ್ನನ್ನು ಆ ಕಡೆಯಿಂದ ತೂರಿಸಿ, ನುಣುಪಾದ ಬಾಯಿಯನ್ನು ತೊಟ್ಟಿನ ಮೇಲಿಟ್ಟು ನೋವಾಗದಷ್ಟು ಮೆಲ್ಲಗೆ ಎಳೆದರೆ ಅದು ಹೊರಗೆ ಬರುತ್ತದಂತೆ. ಇದನ್ನು 1993ರಲ್ಲಿ ಬರೆದು ಪ್ರಕಟಿಸಿದವರು ನಮ್ಮ ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಂಗಡಿಗರು. ನಾನು ಹೆತ್ತಿದ್ದೂ ಇದೇ ದಾವಣಗೆರೆಯಲ್ಲಿ! ಕೆಲವು ರೂಪಾಯಿಯ ಸಿರಿಂಜು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ನಮ್ಮ ಮನೆಯಲ್ಲಿ ಪಾಪುಗೆ ನೀರು ಹಾಕುವಾಗ ಬಚ್ಚಲಲ್ಲಿ ಐದು ಜನ ಹೆಂಗಸರು ನಿಲ್ಲುತ್ತಾರೆ. ಕಾಲ ಮೇಲೆ ಹೇಗೆ ಮಲಗಿಸಿದೆ, ಕಿವಿಗೆ ನೀರು ಹೋಯ್ತಾ, ಬೆನ್ನು ಉಜ್ಜಿದ್ದು ಸಾಕಾ, ಎಲ್ಲದಕ್ಕೂ ಒಬ್ಬೊಬ್ಬರದು ಒಂದೊಂದು ಮಾತು. ಅದೇ ಮಗು ಹಾಲಿಗೆ ಅತ್ತರೆ ಐದೂ ಜನ ಎದ್ದು ಹೊರಗೆ ಬಂದು ಬಾಗಿಲು ಹಾಕುತ್ತಾರೆ. ಮರ್ಯಾದೆ. ಮೇಲೆ ದೃಷ್ಟಿಯ ಭಯ ಬೇರೆ, ಸೆರಗು ಮುಚ್ಕೋ ಅಂತ. ನಮ್ಮಜ್ಜಿ ಕಾಲದಲ್ಲಿ ಜಗಲಿ ಮೇಲೆ ಕೂತು, ಸೊಪ್ಪು ಸೋಸುತ್ತಾ ಮಗುವಿಗೆ ಹಾಲು ಕೊಡುತ್ತಿದ್ದರಂತೆ. ಪಕ್ಕದಲ್ಲಿ ಕೂತ ಹುಡುಗಿಯರು ಸುಮ್ನೆ ನೋಡಿಯೇ ಕಲಿತಿರಬೇಕು. ಇಪ್ಪತ್ತೆಂಟು ವರ್ಷದ ನನ್ನ ತಂಗಿ, ತಾನು ಹೆರುವವರೆಗೆ ಒಂದು ಮಗು ಹಾಲು ಕುಡಿಯುವುದನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ.

"ಅಮ್ಮ, ನನ್ನದೂ ಹೀಗೇ ಇತ್ತಾ?" ಅಂತ ಆ ಸಂಜೆ ಕೇಳಿದೆ.

ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಯಾರು ನೋಡಿದ್ರು?" ಅಂದಳು.

ಶುಕ್ರವಾರ ರಾತ್ರಿ ಎರಡು ಗಂಟೆಗೆ ತಂಗಿ ಕೂಗಿದಳು. "ಅಕ್ಕಾ, ಲೈಟ್ ಹಾಕು, ಬಾ ಇಲ್ಲಿ." ನಾನು ಹೋಗುವಷ್ಟರಲ್ಲಿ ಅಮ್ಮ ಕನ್ನಡಕ ಹುಡುಕಿಕೊಂಡು ಬಂದಿದ್ದಳು. ತಂಗಿ ಕಿರುಬೆರಳು ತೂರಿಸಿ ಪಾಪುವನ್ನು ಬಿಡಿಸಿದಳು. ಬಿರುಕು ಇನ್ನೂ ಪೂರ್ತಿ ಕೂಡಿರಲಿಲ್ಲ. ಅಮ್ಮ ಬಗ್ಗಿ ನೋಡಿ, "ದುಂಡಗಿದೆ" ಅಂದಳು.

ಹಾಲ್‌ನಲ್ಲಿ ಮಲಗಿದ್ದ ದೊಡ್ಡಮ್ಮ, "ಏನೇ ಅದು ದುಂಡಗಿರೋದು, ಇಷ್ಟೊತ್ತಲ್ಲಿ?" ಅಂತ ಕೂಗಿದರು.

"ಎದ್ದು ಬಾ ಅಕ್ಕಾ, ನೀನೂ ನೋಡು" ಅಂದಳು ಅಮ್ಮ.