ಆಲ್ಟಾದ ಪಾರ್ಕಿಂಗ್ ಅಂಗಳಕ್ಕೆ ಹನ್ನೆರಡು ಚಾರ್ಜರ್: ಒಂದು ಚಳಿಗಾಲದ ಟಿಪ್ಪಣಿಗಳು

ಸೆಪ್ಟೆಂಬರ್

ನಾವಿರುವ ಆಲ್ಟಾ ನಾರ್ವೆಯ ಉತ್ತರದ ಫಿನ್‌ಮಾರ್ಕ್ ಪ್ರಾಂತ್ಯದ ಊರು. ಅಕ್ಷಾಂಶ 70 ಡಿಗ್ರಿಯ ಆಸುಪಾಸು. ನಮ್ಮ ವಸತಿ ಸಂಘದ ಪಾರ್ಕಿಂಗ್ ಅಂಗಳದ ಅಂಚಿನಲ್ಲಿ ಹಳೆಯ ಮರದ ಕಂಬಗಳ ಸಾಲಿದೆ. ಪ್ರತಿ ಕಂಬದಲ್ಲೂ ಮುಚ್ಚಳವಿರುವ ಎರಡು ಸಾಕೆಟ್, ಒಂದು ಟೈಮರ್. ಪೆಟ್ರೋಲ್, ಡೀಸೆಲ್ ಕಾರುಗಳ ಎಂಜಿನ್ನನ್ನು ಬೆಳಿಗ್ಗೆ ಹೊರಡುವ ಮುನ್ನ ಒಂದೆರಡು ಗಂಟೆ ಬೆಚ್ಚಗೆ ಮಾಡಲೆಂದು ಹಾಕಿದ್ದವು. ಈಗ ಅದೇ ಸಾಕೆಟ್ಟಿಗೆ ಎಲೆಕ್ಟ್ರಿಕ್ ಕಾರು ಸಿಕ್ಕಿಸಿ ರಾತ್ರಿಯಿಡೀ ಬಿಡುತ್ತಾರೆ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್. ನಮ್ಮ ಅಂಗಳವೂ ಅದೇ ದಾರಿ ಹಿಡಿದಿದೆ. ಎರಡು ಗಂಟೆಯ ಕೆಲಸಕ್ಕೆಂದು ಎಳೆದ ತಂತಿಯನ್ನು ಹತ್ತು ಗಂಟೆ ದುಡಿಸಿದರೆ ಏನಾಗುತ್ತದೆ ಎಂಬುದನ್ನು ಮೂರನೆಯ ಕಂಬದ ಸಾಕೆಟ್ ಹೇಳುತ್ತದೆ: ಅದರ ಬಾಯಿ ಕಂದು ಬಣ್ಣಕ್ಕೆ ತಿರುಗಿ, ಒಂದು ಅಂಚು ಕರಗಿ ಕುಳಿತಿದೆ.

2021ರಿಂದ ಇಲ್ಲಿನ ಕಾನೂನಿನ ಪ್ರಕಾರ, ನಿವಾಸಿಯೊಬ್ಬರು ಚಾರ್ಜರ್ ಬೇಕೆಂದು ಕೇಳಿದರೆ ಬಲವಾದ ಕಾರಣವಿಲ್ಲದೆ ಸಂಘ ಇಲ್ಲವೆನ್ನುವಂತಿಲ್ಲ. ಒಬ್ಬೊಬ್ಬರೂ ಒಂದೊಂದು ತಂತಿ ಎಳೆಯುವ ಬದಲು ಒಟ್ಟಿಗೆ ಹನ್ನೆರಡು ಚಾರ್ಜರ್ ಹಾಕುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ವೈರಿಂಗ್ ಕೆಲಸ ನೋಂದಾಯಿತ ಎಲೆಕ್ಟ್ರಿಷಿಯನ್ನರದ್ದು. ಅದನ್ನು ನಾವು ಮುಟ್ಟುವಂತಿಲ್ಲ. ಲೆಕ್ಕ, ನಕ್ಷೆ, ಅಗೆತ, ಬುನಾದಿ ನಮ್ಮ ಪಾಲಿಗೆ ಬಂದವು.

ಮೊದಲ ವಾದ ವೇಗದ್ದು. ಒಂದಾದರೂ 50 ಕಿಲೋವಾಟ್‌ನ ಡಿಸಿ ಫಾಸ್ಟ್ ಚಾರ್ಜರ್ ಇರಲಿ ಎಂದು ಕೆಲವರ ಹಟ. ಬೇಡವೆಂಬುದು ನನ್ನ ಪಟ್ಟು. ಕಾರು ರಾತ್ರಿ ಕಳೆಯುವ ಜಾಗದಲ್ಲಿ ವೇಗ ಯಾರಿಗೂ ಬೇಕಿಲ್ಲ. ಜೊತೆಗೆ, 2022ರ ಜುಲೈಯಿಂದ ವಿದ್ಯುತ್ ಜಾಲದ ಶುಲ್ಕದ ಒಂದು ಭಾಗ ತಿಂಗಳಲ್ಲಿ ಅತಿ ಹೆಚ್ಚು ಬಳಸಿದ ಮೂರು ಗಂಟೆಗಳ ಸರಾಸರಿಯ ಮೇಲೆ ನಿಂತಿದೆ. ಆ ಮೂರೂ ಬೇರೆ ಬೇರೆ ದಿನದವು. ಒಮ್ಮೆಗೇ ಎಳೆದುಕೊಳ್ಳುವವನಿಗೆ ದಂಡ, ನಿಧಾನವಾಗಿ ಕುಡಿಯುವವನಿಗೆ ರಿಯಾಯಿತಿ. ಬಿಲ್ಲಿನ ಮಾತು ಬಂದೊಡನೆ ಹಟ ಇಳಿಯಿತು.

ನೆಲ ಹೆಪ್ಪುಗಟ್ಟುವ ಮುನ್ನ ಅಗೆಯಲೇಬೇಕಿತ್ತು. ಇಲ್ಲಿನ ಮಣ್ಣಿನಲ್ಲಿ ಹೂಳಿನಂಥ ನುಣ್ಣನೆಯ ಪದರವಿದೆ. ಅದು ಕೆಳಗಿನ ನೀರನ್ನು ಮೇಲಕ್ಕೆ ಹೀರುತ್ತದೆ. ಚಳಿಯಲ್ಲಿ ಆ ನೀರು ಪದರ ಪದರವಾಗಿ ಮಂಜುಗಟ್ಟಿ ಮೇಲಿರುವುದನ್ನೆಲ್ಲ ಎತ್ತುತ್ತದೆ. ಕಂಬದ ಬುನಾದಿಯೂ ಜೊತೆಗೆ ಏಳುತ್ತದೆ, ವಸಂತದಲ್ಲಿ ಸೊಟ್ಟಗೆ ಇಳಿಯುತ್ತದೆ. ಅದಕ್ಕೆ ನುಣ್ಣನೆಯ ಮಣ್ಣನ್ನು ತೆಗೆದು ಜಲ್ಲಿ ತುಂಬಿದೆವು. ಅದರ ಮೇಲೆ ನೀರು ಹೀರದ ಗಟ್ಟಿ ಫೋಮ್ ಹಲಗೆ ಹಾಸಿ, ಸಿದ್ಧವಾಗಿ ಬರುವ ಕಾಂಕ್ರೀಟ್ ಬುನಾದಿಗಳನ್ನು ಇಳಿಸಿದೆವು. ಸ್ಥಳದಲ್ಲೇ ಕಾಂಕ್ರೀಟ್ ಸುರಿಯಲು ಈ ತಿಂಗಳ ರಾತ್ರಿಗಳನ್ನು ನಂಬುವಂತಿಲ್ಲ.

ಕಂಬಗಳ ಜಾಗವನ್ನು ಆರಿಸಿದವರು ಪಕ್ಕದ ಬ್ಲಾಕಿನ ಹಿರಿಯರು. ಚಳಿಗಾಲವೆಲ್ಲ ಹಿಮ ಗೋರುವ ಟ್ರ್ಯಾಕ್ಟರ್ ಓಡಿಸುತ್ತಾರೆ. ನಮ್ಮ ನಕ್ಷೆ ನೋಡಿ, "ಇಲ್ಲಿ ಹಾಕಿದರೆ ಜನವರಿಯಲ್ಲಿ ನಾನೇ ಕಿತ್ತುಹಾಕುತ್ತೇನೆ, ಬೇಕೆಂದಲ್ಲ, ನನಗೆ ಕಾಣುವುದೇ ಇಲ್ಲ" ಎಂದರು. ಹಿಮದ ರಾಶಿ ಎಲ್ಲಿ ಬೀಳುತ್ತದೆ, ಟ್ರ್ಯಾಕ್ಟರ್ ಎಲ್ಲಿ ತಿರುಗುತ್ತದೆ ಎಂದು ಕೋಲಿನಿಂದ ನೆಲದ ಮೇಲೆ ಗೀರಿ ತೋರಿಸಿದರು. ಇಡೀ ಸಾಲು ಒಂದೂವರೆ ಮೀಟರ್ ಹಿಂದೆ ಸರಿಯಿತು. ಚಾರ್ಜರಿನ ಬಾಯಿ ಎದೆಯೆತ್ತರಕ್ಕೆ ಏರಿತು, ಪ್ರತಿ ಕಂಬದ ಮುಂದೆ ಕಬ್ಬಿಣದ ತಡೆಗೂಟ ಬಂತು.

ಅಕ್ಟೋಬರ್

ವಿದ್ಯುತ್ ಲೆಕ್ಕ. ಕರ್ನಾಟಕದಲ್ಲಿ ಕೆಲಸ ಕಲಿತು ಬಂದವರಿಗೆ ಇಲ್ಲಿನ ಹಳೆಯ ಜಾಲ ಸ್ವಲ್ಪ ತಲೆ ತಿರುಗಿಸುತ್ತದೆ. ನಮ್ಮಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400ರ ಮೇಲೆ. ನಾರ್ವೆಯ ಹಳೆಯ ಬಡಾವಣೆಗಳಲ್ಲಿ ನ್ಯೂಟ್ರಲ್ಲೇ ಇಲ್ಲ. ಎರಡು ಫೇಸ್‌ಗಳ ನಡುವೆಯೇ 230. ಇಂಥ ಜಾಲಕ್ಕೆ ಐಟಿ ಎಂಬ ಹೆಸರು. ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ 400 ವೋಲ್ಟ್‌ನ ಮೂರು ಫೇಸ್‌ನಲ್ಲಿ 11 ಕಿಲೋವಾಟ್ ಪಡೆಯಬಲ್ಲ ಕಾರು ಕೂಡ ನಮ್ಮ ಅಂಗಳದಲ್ಲಿ ಸಾಮಾನ್ಯವಾಗಿ ಎರಡೇ ತಂತಿಯಿಂದ ಕುಡಿಯಬೇಕು. 32 ಆಂಪಿಯರ್‌ಗೆ ಹೆಚ್ಚೆಂದರೆ 7.4 ಕಿಲೋವಾಟ್. ಅರ್ತಿಂಗ್ ಪರೀಕ್ಷೆಯಲ್ಲಿ ಬಹಳ ಕಟ್ಟುನಿಟ್ಟಾಗಿರುವ ಕೆಲವು ಮಾದರಿಯ ಕಾರುಗಳು ಇಂಥ ಜಾಲದಲ್ಲಿ ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಅವಕ್ಕೆ ನಡುವೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮ ಅಂಗಳದಲ್ಲಿ ಸದ್ಯಕ್ಕೆ ಅಂಥ ಕಾರಿಲ್ಲ.

ಮುಖ್ಯ ಪೆಟ್ಟಿಗೆಯಿಂದ ಚಾರ್ಜರ್‌ಗಳಿಗೆ ಕೊಡಬಹುದಾದದ್ದು 125 ಆಂಪಿಯರ್, ಅಂದರೆ ಸುಮಾರು 50 ಕಿಲೋವಾಟ್. ಮೂರು ಫೇಸ್‌ಗಳನ್ನು ಎರಡೆರಡಾಗಿ ಜೋಡಿಸಿದರೆ ಮೂರು ಜೋಡಿ. ಪ್ರತಿ ಜೋಡಿಗೆ ನಾಲ್ಕು ಚಾರ್ಜರ್. ಹನ್ನೆರಡೂ ಕಾರು ಒಟ್ಟಿಗೆ ನಿಂತರೆ ತಲಾ 18 ಆಂಪಿಯರ್, ಸುಮಾರು 4.1 ಕಿಲೋವಾಟ್. ಹತ್ತು ಗಂಟೆಯ ರಾತ್ರಿಗೆ 41 ಯೂನಿಟ್. ಊರೊಳಗೆ ಓಡಾಡುವವರಿಗೆ ವಾರಕ್ಕೆ ಸಾಕಾಗುವಷ್ಟು. ಯಾರು ಹೊರಡುತ್ತಾರೆ, ಯಾರು ಬರುತ್ತಾರೆ ನೋಡಿಕೊಂಡು ಹಂಚುವ ಕೆಲಸ ನಿಯಂತ್ರಣ ಪೆಟ್ಟಿಗೆಯದ್ದು.

ಅರ್ತಿಂಗ್‌ಗೆ ಸರಳುಗಳನ್ನು ತುಂಬಾ ಆಳಕ್ಕೆ ಬಡಿದದ್ದನ್ನು ಫೋನಿನಲ್ಲಿ ಹೇಳಿದಾಗ ಬಳ್ಳಾರಿಯಲ್ಲಿರುವ ತಮ್ಮ ನಕ್ಕ: "ಅಣ್ಣ, ಇಲ್ಲಿ ಏಪ್ರಿಲ್‌ನಲ್ಲಿ ಅರ್ತ್ ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತೇವೆ. ಅಲ್ಲಿ ನೀರಿಗೇನು ಬರ?" ಬರವೇ. ಮಣ್ಣಿನಲ್ಲಿ ವಿದ್ಯುತ್ ಹರಿಯುವುದು ಅದರೊಳಗಿನ ನೀರಿನ ದೆಸೆಯಿಂದ. ಅದು ಒಣಗಿದರೂ ಒಂದೇ, ಮಂಜುಗಡ್ಡೆಯಾದರೂ ಒಂದೇ, ರೋಧ ಏರುತ್ತದೆ. ಸರಳು ಹೆಪ್ಪುಗಟ್ಟದ ಆಳವನ್ನು ಮುಟ್ಟಿದರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಡಿಸೆಂಬರ್

ನವೆಂಬರ್ ಕೊನೆಯಿಂದ ಸೂರ್ಯನಿಲ್ಲ. ಜನವರಿ ಮಧ್ಯದವರೆಗೂ ಇಲ್ಲ. ಚಾರ್ಜರ್‌ಗಳು ಓಡುತ್ತಿವೆ. ಇವಕ್ಕೆ ಬರುವ ವಿದ್ಯುತ್ತಿನ ಬಗ್ಗೆ ಒಂದು ಮಾತು ಇಲ್ಲಿ ಬರೆದಿಡಬೇಕು. ಆಲ್ಟಾ ನದಿಗೆ ಕಟ್ಟಿದ 150 ಮೆಗಾವಾಟ್‌ನ ಜಲವಿದ್ಯುತ್ ಸ್ಥಾವರ 1987ರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಇಲ್ಲಿ ನಡೆದದ್ದು ನಾರ್ವೆಯ ದೊಡ್ಡ ಹೋರಾಟಗಳಲ್ಲೊಂದು. 1979ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಆಸ್ಲೋದ ಸಂಸತ್ತಿನ ಎದುರು ಉಪವಾಸ ಕುಳಿತರು; 1981ರಲ್ಲಿ ನೂರಾರು ಪೊಲೀಸರು ಬಂದು ಕೆಲಸಕ್ಕೆ ಅಡ್ಡ ಕುಳಿತವರನ್ನು ಎತ್ತಿ ಹೊರಹಾಕಿದರು. ಅಣೆಕಟ್ಟೆ ನಿಂತೇ ನಿಂತಿತು. ಆದರೆ ಆ ಹೋರಾಟದ ಬಲದಿಂದಲೇ 1989ರಲ್ಲಿ ಸಾಮಿ ಸಂಸತ್ತು ಹುಟ್ಟಿತು. ಹಸಿರು ವಿದ್ಯುತ್ ಎಂದು ಫಲಕ ಬರೆಸೋಣವೆಂಬ ಸಲಹೆ ಬಂದಿತ್ತು; ಫಲಕವಿಲ್ಲದೆಯೂ ಕಾರು ಚಾರ್ಜ್ ಆಗುತ್ತದೆ ಎಂದೆ.

ಮೈನಸ್ 22ರ ರಾತ್ರಿ ಹೊಸ ತಕರಾರು. ಇಬ್ಬರ ಕಾರು ರಾತ್ರಿಯೆಲ್ಲ ಪ್ಲಗ್‌ನಲ್ಲಿದ್ದರೂ ಬೆಳಿಗ್ಗೆ ಒಂದು ಗುಲಗಂಜಿಯಷ್ಟೂ ಏರಿಲ್ಲ. ಮೀಟರ್ ಮಾತ್ರ ಓಡಿದೆ. ಲಾಗ್ ತೆಗೆದು ನೋಡಿದರೆ, ಅಂಗಳ ತುಂಬಿ ತುಳುಕುತ್ತಿದ್ದ ಆ ಹೊತ್ತಿನಲ್ಲಿ ಕಟ್ಟಡದ ಬಳಕೆಯೂ ಏರಿ, ನಿಯಂತ್ರಣ ಪೆಟ್ಟಿಗೆ ಅವರಿಬ್ಬರನ್ನು 6 ಆಂಪಿಯರ್‌ಗೆ ಇಳಿಸಿತ್ತು. ಚಾರ್ಜಿಂಗ್ ಮಾನದಂಡದಲ್ಲಿ ಅದೇ ಕನಿಷ್ಠ. ಅದಕ್ಕಿಂತ ಕೆಳಗೆ ಚಾರ್ಜಿಂಗ್ ನಿಂತೇ ಹೋಗುತ್ತದೆ. 6 ಆಂಪಿಯರ್ ಅಂದರೆ 1.4 ಕಿಲೋವಾಟ್. ಅಷ್ಟೂ ಬ್ಯಾಟರಿಯನ್ನು ಬೆಚ್ಚಗಿಡುವುದಕ್ಕೇ ಖರ್ಚಾಗಿದೆ. ಹೆಪ್ಪುಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಗೆ ಬಲವಂತವಾಗಿ ವಿದ್ಯುತ್ ತುಂಬಿದರೆ, ಒಳಗೆ ಸೇರಬೇಕಾದ ಲಿಥಿಯಂ ಗ್ರಾಫೈಟ್‌ನ ಮೈಮೇಲೆ ಲೋಹವಾಗಿ ಕೂರುತ್ತದೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆಂದೇ ಕಾರು ಮೊದಲು ಬಿಸಿ ಮಾಡಿಕೊಳ್ಳುತ್ತದೆ, ಆಮೇಲೆ ತುಂಬಿಕೊಳ್ಳುತ್ತದೆ. ಈಗ ಚಳಿಗಾಲಕ್ಕೆ ಕನಿಷ್ಠವನ್ನು 10 ಆಂಪಿಯರ್‌ಗೆ ಏರಿಸಿದ್ದೇವೆ. ಅಷ್ಟು ಸಾಲದೆ ಬಂದಾಗ ಪೆಟ್ಟಿಗೆ ಎಲ್ಲರಿಗೂ ಚೂರು ಚೂರು ಕೊಡುವ ಬದಲು ಸರದಿಯಲ್ಲಿ ಕೊಡುತ್ತದೆ. ತಕರಾರು ನಿಂತಿದೆ.

ಜನವರಿ: ಕೌಟೊಕೈನೊ

ನಮ್ಮ ಲೆಕ್ಕಗಳು ನಿಜವಾದ ಚಳಿಯಲ್ಲಿ ಹೇಗೆ ನಿಲ್ಲುತ್ತವೆ ನೋಡಬೇಕಿತ್ತು. ಆಲ್ಟಾ ಸಮುದ್ರದ ಮಗ್ಗುಲಿಗಿದೆ, ಅಷ್ಟೊಂದು ಕಠೋರವಲ್ಲ. ಒಳನಾಡಿನ ಪ್ರಸ್ಥಭೂಮಿ ಬೇರೆಯೇ ಲೋಕ. ಅಲ್ಲಿನ ಕರಾಶೋಕ್‌ನಲ್ಲಿ 1886ರ ಜನವರಿ 1ರಂದು ದಾಖಲಾದ ಮೈನಸ್ 51.4 ಇಂದಿಗೂ ನಾರ್ವೆಯ ದಾಖಲೆ. ನಾವು ಹೋದದ್ದು ಅದೇ ಪ್ರಸ್ಥಭೂಮಿಯ ಕೌಟೊಕೈನೊಗೆ, ಸುಮಾರು 130 ಕಿಲೋಮೀಟರ್.

ಬೇಸಿಗೆಯಲ್ಲಿ ನೂರು ಕಿಲೋಮೀಟರಿಗೆ 17 ಯೂನಿಟ್ ಕೇಳುವ ಕಾರು ಈ ದಾರಿಯಲ್ಲಿ 29 ಕೇಳಿತು. ಬೈಗುಳವೆಲ್ಲ ಬ್ಯಾಟರಿಗೆ ಬೀಳುತ್ತದೆ, ಆದರೆ ತಪ್ಪು ಅದರೊಂದರದೇ ಅಲ್ಲ. ಮೈನಸ್ 30ರ ಗಾಳಿ 20 ಡಿಗ್ರಿಯ ಗಾಳಿಗಿಂತ ಐದನೆಯ ಒಂದು ಭಾಗದಷ್ಟು ಹೆಚ್ಚು ಸಾಂದ್ರ. ಅದನ್ನು ಸೀಳಲು ಅಷ್ಟೇ ಹೆಚ್ಚು ಶಕ್ತಿ ಬೇಕು. ಟೈರು ಬಿರುಸಾಗಿದೆ, ರಸ್ತೆಯ ಮೇಲೆ ಹಿಮವಿದೆ, ಒಳಗೆ ಹೀಟರ್ ಉರಿಯುತ್ತಿದೆ, ಜೊತೆಗೆ ಸಮುದ್ರ ಮಟ್ಟದಿಂದ ಏರು.

ಊರು ತಲುಪಿದಾಗ ಮೈನಸ್ 34. ದಾರಿಯುದ್ದಕ್ಕೂ ಓಡಿ ಬೆಚ್ಚಗಾಗಿದ್ದ ಬ್ಯಾಟರಿ, 150 ಕಿಲೋವಾಟ್ ಎಂದು ಬರೆದಿದ್ದ ಚಾರ್ಜರಿನಿಂದ 95 ಎಳೆಯಿತು. ತುಂಬಿಸುವುದು ಬೆಳಿಗ್ಗೆ ಆಗಲಿ ಎಂದು, ಬೇಕೆಂದೇ, ಸ್ವಲ್ಪದರಲ್ಲೇ ನಿಲ್ಲಿಸಿ ಅತಿಥಿಗೃಹದ ಹೊರಗೆ ಪ್ಲಗ್ ಇಲ್ಲದೆ ಕಾರು ಬಿಟ್ಟೆವು. ಬೆಳಿಗ್ಗೆ ಅದೇ ಚಾರ್ಜರಿನ ಮುಂದೆ ನಿಂತಾಗ ಪರದೆಯ ಅಂಕಿಗಳು ಒಂದೊಂದಾಗಿ ತೂಕಡಿಸುತ್ತ ಮೂಡಿದವು. ಕೇಬಲ್ ಬೆತ್ತದಂತೆ ಬಿಗಿದು, ಕೊಕ್ಕೆಯಲ್ಲಿ ನೇತಾಡಿದ ಆಕಾರವನ್ನೇ ಹಿಡಿದು ನಿಂತಿತ್ತು; ಇಬ್ಬರು ಭುಜ ಕೊಟ್ಟು ಬಗ್ಗಿಸಬೇಕಾಯಿತು. ಕಾರಿನ ಚಾರ್ಜಿಂಗ್ ಬಾಯಿಯ ಮುಚ್ಚಳದ ಸುತ್ತ ಗಾಜಿನಂಥ ಮಂಜು. ಕೈಗವಸಿನ ಹಿಂಬದಿಯಿಂದ ತಟ್ಟಿ ತಟ್ಟಿ ಬಿಡಿಸಿದೆವು. ಸಿಕ್ಕಿಸಿದ ಮೇಲೆ ಸಿಕ್ಕಿದ್ದು 19 ಕಿಲೋವಾಟ್. ಅರ್ಧ ಗಂಟೆ ಅದರ ಆಸುಪಾಸಿನಲ್ಲೇ ತೆವಳಿ, ಆಮೇಲೆ ಮೆಲ್ಲಗೆ ಏರತೊಡಗಿತು.

ಮರುದಿನ ರಾತ್ರಿ ಅತಿಥಿಗೃಹದವರನ್ನು ಕೇಳಿ ಅವರ ಹಳೆಯ ಎಂಜಿನ್ ಹೀಟರ್ ಸಾಕೆಟ್ಟಿಗೆ ಕಾರು ಸಿಕ್ಕಿಸಿದೆವು. ಅದರ ತಂತಿ, ಫ್ಯೂಸ್ ಎರಡನ್ನೂ ನೋಡಿಯೇ. ಸಾಲಿನಲ್ಲಿ ಬೇರೆ ಕಾರಿರಲಿಲ್ಲ. 10 ಆಂಪಿಯರ್, 2.3 ಕಿಲೋವಾಟ್. ಹೊರಡುವ ಹೊತ್ತನ್ನು ಕಾರಿಗೆ ಮೊದಲೇ ಹೇಳಿಟ್ಟಿದ್ದೆವು. ಬೆಳಿಗ್ಗೆ ಸೀಟು ಬೆಚ್ಚಗಿತ್ತು, ಗಾಜು ತಿಳಿಯಾಗಿತ್ತು, ಬ್ಯಾಟರಿ ಓಡಲು ತಯಾರಿತ್ತು. ಏರಿದ ಚಾರ್ಜ್ ಲೆಕ್ಕಕ್ಕೆ ಹೆಚ್ಚೇನಲ್ಲ. ಆದರೆ ಮೊದಲ ಇಳಿಜಾರಿನಲ್ಲೇ ಮೋಟಾರು ಹಿಮ್ಮುಖವಾಗಿ ವಿದ್ಯುತ್ ತುಂಬುತ್ತ ಬ್ರೇಕ್ ಹಿಡಿಯಿತು. ತಣ್ಣಗಿನ ಬ್ಯಾಟರಿಯಾಗಿದ್ದರೆ ಅದೂ ಇಲ್ಲ, ಮಂಜಿನ ರಸ್ತೆಯಲ್ಲಿ ಪೆಡಲ್ ಬಿಟ್ಟೊಡನೆ ಕಾರು ನಿಧಾನವಾಗುತ್ತದೆಂದು ನಂಬಿದವರಿಗೆ ಎದೆ ಝಲ್ಲೆನ್ನುತ್ತದೆ. ಹೋಟೆಲ್, ಆಸ್ಪತ್ರೆ, ಶಾಲೆಗಳ ಮುಂದೆ ಹೆದ್ದಾರಿಯ ದೈತ್ಯ ಚಾರ್ಜರ್ ಒಂದನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಬದಲು ಅದೇ ದುಡ್ಡಿನಲ್ಲಿ ಇಂಥ ಬಡ ಸಾಕೆಟ್‌ಗಳ ಸಾಲನ್ನು ಸರಿಯಾದ ತಂತಿಯೊಂದಿಗೆ ಹಾಕಿಸಿ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಫೆಬ್ರುವರಿ: ನಾರ್ಡ್‌ಕಾಪ್

ಆಲ್ಟಾದಿಂದ ಸೆನ್ನಲಾಂಡೆಟ್ ಬಯಲು ದಾಟಿ, ಓಲ್ಡರ್‌ಫ್ಯೋರ್ಡ್‌ನಲ್ಲಿ ಇ69 ಹೆದ್ದಾರಿ ಹಿಡಿದರೆ 129 ಕಿಲೋಮೀಟರ್ ಆಚೆಗೆ, ನಾರ್ಡ್‌ಕಾಪ್ ಎಂಬ ಉತ್ತರದ ತುದಿಯಲ್ಲಿ, ರಸ್ತೆಯೇ ಮುಗಿಯುತ್ತದೆ. ನಡುವಿನ ಸಮುದ್ರದಡಿಯ ಸುರಂಗ 1999ರದ್ದು, ಸುಮಾರು 6.9 ಕಿಲೋಮೀಟರ್ ಉದ್ದ, ನೀರಿನ ಮಟ್ಟಕ್ಕಿಂತ 212 ಮೀಟರ್ ಕೆಳಗೆ. ಒಳಗೆ ಮಂಜುಗಟ್ಟದಿರಲೆಂದು ಬಾಯಿಗೆ ಬಾಗಿಲುಗಳಿವೆ. ಕಾರು ಹತ್ತಿರ ಬಂದಾಗ ತೆರೆದುಕೊಳ್ಳುತ್ತವೆ. ಇಳಿಯುವಾಗ ಗಳಿಸಿದ ಚಾರ್ಜನ್ನು ಏರುವಾಗ ಬಡ್ಡಿ ಸಮೇತ ಕೊಟ್ಟೆವು.

ಕೊನೆಯ 13 ಕಿಲೋಮೀಟರ್ ಚಳಿಗಾಲದಲ್ಲಿ ಸ್ವಂತವಾಗಿ ಹೋಗುವಂತಿಲ್ಲ. ಗೇಟಿನ ಬಳಿ ಕಾದು, ನಿಗದಿತ ಹೊತ್ತಿಗೆ ಹಿಮ ಗೋರುವ ವಾಹನದ ಹಿಂದೆ ಸಾಲಾಗಿ ಹೋಗಬೇಕು. ಗಾಳಿ ಜೋರಾದರೆ ಸಾಲೇ ರದ್ದು. ಕಾಯುವಾಗ ಬ್ಯಾಟರಿ ಖಾಲಿಯಾದರೆ ಏನು ಗತಿ ಎಂದು ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುವುದು ಇದನ್ನೇ. ನಿಂತ ಕಾರಿನ ಹೀಟರ್ ಗಂಟೆಗೆ ಎರಡು ಮೂರು ಯೂನಿಟ್ ತಿನ್ನುತ್ತದೆ. 74 ಯೂನಿಟ್‌ನ ಬ್ಯಾಟರಿ ಅರ್ಧ ತುಂಬಿದ್ದರೂ ಒಂದು ರಾತ್ರಿ ಕಳೆಯಬಹುದು; ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗುವ ಭಯವೂ ಇಲ್ಲ. ನಾನು ಗೇಟಿಗೆ 60 ಶೇಕಡಾಕ್ಕಿಂತ ಕಡಿಮೆ ಇಟ್ಟುಕೊಂಡು ಹೋಗುವುದಿಲ್ಲ, ಕಂಬಳಿ ಹಿಂದಿನ ಸೀಟಿನಲ್ಲೇ ಇರುತ್ತದೆ. ಆ ದಿನ ಸಾಲು ಹೊರಟಿತು. ತುದಿಯಲ್ಲಿ ಗಾಳಿಯ ಹೊಡೆತಕ್ಕೆ ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದೇ ತೆರೆಯಬೇಕಿತ್ತು.

ಏಪ್ರಿಲ್

ಹಿಮದ ರಾಶಿಗಳು ಕುಗ್ಗುತ್ತಿವೆ. ಟ್ರ್ಯಾಕ್ಟರ್ ತಗಲಿದ್ದು ತಡೆಗೂಟಗಳಿಗೆ ಮಾತ್ರ, ಚಾರ್ಜರ್‌ಗಳು ಸುರಕ್ಷಿತ. ಪಿವಿಸಿ ಹೊದಿಕೆಯ ಎರಡು ಕೇಬಲ್‌ಗಳಲ್ಲಿ ಬಿರುಕು ಕಂಡಿದೆ. ಬದಲಿಗೆ ಪಾಲಿಯುರೆಥೇನ್ ಹೊದಿಕೆಯವು ಬರಲಿವೆ, ಅವು ಚಳಿಗೆ ಅಷ್ಟು ಬಿಗಿಯುವುದಿಲ್ಲ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ವಾರಗಳಲ್ಲಿ ಪೆಟ್ಟಿಗೆಯೊಳಗೆ ತೇವ ಕೂರುತ್ತದೆ, ಹಾಗಾಗಿ ಒಳಗಿನ ಪುಟ್ಟ ಹೀಟರ್‌ಗಳನ್ನು ಇನ್ನೂ ಆರಿಸಿಲ್ಲ. ಮಟ್ಟಗೋಲು ಇಟ್ಟು ನೋಡಿದರೆ ಹನ್ನೊಂದು ಕಂಬ ನೆಟ್ಟಗಿವೆ. ಚರಂಡಿಯ ಪಕ್ಕದ್ದು ಮಾತ್ರ ಬೆರಳಿನಷ್ಟು ವಾಲಿದೆ. ನೆಲ ಪೂರ್ತಿ ಕರಗುವವರೆಗೆ ಅದನ್ನು ಮುಟ್ಟುವುದಿಲ್ಲ. ಜೂನ್‌ನಲ್ಲಿ ಅಲ್ಲಿ ಮತ್ತೆ ಅಗೆದು ನೀರು ಹರಿಯಲು ಕೊಳವೆ ಹಾಕಬೇಕು, ಅರ್ತ್ ರೋಧವನ್ನು ಇನ್ನೊಮ್ಮೆ ಅಳೆಯಬೇಕು. ಉಳಿದಿರುವ ಹಳೆಯ ಮರದ ಕಂಬಗಳನ್ನು ಕೀಳಬೇಕೋ, ಹೊಸ ತಂತಿ ಎಳೆದು ಅತಿಥಿಗಳ ಕಾರಿಗೆ ಬಿಡಬೇಕೋ ಎಂಬುದು ಮುಂದಿನ ಸಭೆಗೆ. ನನ್ನ ಮತ ಎರಡನೆಯದಕ್ಕೆ.