ಟವೆಲ್ ಮೇಷ್ಟ್ರು

ಕಲಾ ಇತಿಹಾಸದ ಮೇಷ್ಟ್ರು ಹೋಗಿಬಿಟ್ಟರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಾಗ ಯಾರೂ ಅವರ ಹೆಸರು ಬರೆಯಲಿಲ್ಲ. ಎಲ್ಲರೂ ಬರೆದದ್ದು 'ಟವೆಲ್ ಮೇಷ್ಟ್ರು' ಅಂತಲೇ.

ಆ ಹೆಸರಿನ ಹಿಂದೆ ಒಂದು ಪಾಠ ಇದೆ. ಎರ್ವಿನ್ ಪನೋಫ್ಸ್ಕಿ ಅನ್ನುವ ಜರ್ಮನ್ ವಿದ್ವಾಂಸ 1939ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಚಿತ್ರ ಓದುವುದಕ್ಕೆ ಮೂರು ಮೆಟ್ಟಿಲು ಹೇಳುತ್ತಾನೆ. ಬೀದಿಯಲ್ಲಿ ಪರಿಚಯದವನೊಬ್ಬ ಹ್ಯಾಟು ಎತ್ತಿ ವಂದಿಸುವುದು ಅವನ ಉದಾಹರಣೆ. "ನಮ್ಮೂರಲ್ಲಿ ಹ್ಯಾಟು ಯಾರು ಹಾಕ್ತಾರ್ರೀ?" ಅಂದ ಮೇಷ್ಟ್ರು ಕುರ್ಚಿ ಮೇಲಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ನಾಲ್ಕು ಹೆಜ್ಜೆ ನಡೆದರು. ಎದುರಿಗೆ ಯಾರೋ ಬಂದ ಹಾಗೆ ನಿಂತರು. ಟವೆಲ್ ಹೆಗಲಿನಿಂದ ಸೊಂಟಕ್ಕೆ ಇಳಿಯಿತು, ಬೆನ್ನು ಸ್ವಲ್ಪ ಬಾಗಿತು.

"ಏನು ಕಂಡಿರಿ?"

"ಧಣಿ ಬಂದ್ರು ಸಾರ್" ಅಂದಳು ಮುಂದಿನ ಬೆಂಚಿನವಳು.

"ಧಣಿ ಎಲ್ಲಿ ಕಂಡ್ರಮ್ಮ? ಮೊದಲು ಕಂಡದ್ದನ್ನ ಹೇಳು."

ಬಟ್ಟೆ ಜಾಗ ಬದಲಿಸಿತು, ಅದು ಮೊದಲನೇ ಮೆಟ್ಟಿಲು. ಮರ್ಯಾದೆ ಕೊಟ್ಟ, ಅದು ಎರಡನೆಯದು. ಯಾರ ಹೆಗಲ ಮೇಲೆ ಟವೆಲ್ ಇರಬಹುದು, ಯಾರದ್ದರ ಮೇಲೆ ಇರಬಾರದು ಅಂತ ಊರು ಮೊದಲೇ ತೀರ್ಮಾನ ಮಾಡಿಬಿಟ್ಟಿದೆಯಲ್ಲ, ಅದು ಮೂರನೆಯದು. ಹಿಂದಿನ ಬೆಂಚಿನಿಂದ ಒಬ್ಬ, "ನಮ್ಮ ತಾತ ಹೀಗೇ ಮಾಡ್ತಿದ್ರು ಸಾರ್" ಅಂದ. ಮೇಷ್ಟ್ರು ಆ ದಿನ ಮುಂದೆ ಪಾಠ ಮಾಡಲಿಲ್ಲ. ಅವನನ್ನೇ ಕರೆದು ತಾತನ ಬಗ್ಗೆ ಮಾತಾಡಿಸಿದರು.

ಸಿಲಬಸ್ಸಿನಲ್ಲಿ ಇನ್ನೂ ಏನೇನೋ ಇತ್ತು. ಪರೀಕ್ಷೆ ಮುಗಿದ ಮೇಲೆ ಅದೆಲ್ಲ ಎಲ್ಲಿ ಹೋಯಿತೋ! ನೆನಪಿರುವುದು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದು. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನು ರವಿವರ್ಮನದ್ದು ಅಂತ ನಂಬಿದವರು ಇವತ್ತಿಗೂ ಬೇಕಾದಷ್ಟು ಜನ. ಬರೆದದ್ದು ಹಳದಣಕರ್, ಅದೂ ಜಲವರ್ಣದಲ್ಲಿ. ನಮ್ಮ ಪಕ್ಕದಲ್ಲೇ ಒಬ್ಬರು ಮಕ್ಕಳಿಗೆ "ರವಿವರ್ಮ, ರವಿವರ್ಮ" ಅಂತ ತೋರಿಸುತ್ತಿದ್ದರು. ನಾನು ತಿದ್ದೋಕೆ ಹೋದೆ. ಮೇಷ್ಟ್ರು ನನ್ನ ತೋಳು ಹಿಡಿದು ಎಳೆದರು. "ಹೆಸರು ಬದಲಾಯಿಸಿದ್ರೆ ದೀಪದ ಬೆಳಕು ಜಾಸ್ತಿ ಆಗುತ್ತೇನಯ್ಯ?" ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ರೋಲಾಂ ಬಾರ್ತ್ ಅನ್ನುವ ಫ್ರೆಂಚ್ ವಿಮರ್ಶಕನ ವಿಷಯ ಹೇಳಿದರು. ಲೇಖಕ ಸತ್ತ, ಇನ್ನು ಅರ್ಥ ಹುಟ್ಟುವುದು ಓದುಗನ ಹತ್ತಿರ ಅಂತ ಬಾರ್ತ್ 1967ರಲ್ಲೇ ಬರೆದಿದ್ದನಂತೆ. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಪಾಪ, ಹಳದಣಕರ್ ಏನು ತಪ್ಪು ಮಾಡಿದ್ದರು?

ಇನ್ನು ಬಕೆಟ್ಟಿನ ಕಥೆ. ವಾರ್ಷಿಕ ಪ್ರದರ್ಶನದ ಹಿಂದಿನ ರಾತ್ರಿ, ಕಾರಿಡಾರಿನಲ್ಲಿ ತೂಗುಹಾಕಿದ್ದ, ಬೆಂಕಿ ಆರಿಸುವ ಮರಳಿನ ಕೆಂಪು ಬಕೆಟ್ ಪಕ್ಕ ನಾವು ಮೂವರು ಒಂದು ಚೀಟಿ ಅಂಟಿಸಿದೆವು: 'ಶೀರ್ಷಿಕೆ ಇಲ್ಲ. ಕಬ್ಬಿಣ, ಮರಳು, ಬೀಡಿ ತುಂಡು.' ಬೀಡಿ ತುಂಡುಗಳು ನಿಜವಾಗಿಯೂ ಇದ್ದವು. ಬೆಳಿಗ್ಗೆ ಬಂದು ನೋಡಿದರೆ ಒಂದೂ ಇಲ್ಲ! ಅಟೆಂಡರ್ ಅಣ್ಣ ಚೀಟಿ ನೋಡಿ, ಪ್ರದರ್ಶನಕ್ಕಿಟ್ಟ ವಸ್ತು ಅಂತ ಮರಳು ಜರಡಿ ಹಿಡಿದು, ಬಕೆಟ್ ಒರೆಸಿ ಇಟ್ಟಿದ್ದರು. ಬೀಡಿ ಹಿಡಿದು ಬಂದವರನ್ನೆಲ್ಲ ಗದರಿಸಿ ಓಡಿಸುತ್ತಲೂ ಇದ್ದರು.

ಬೈಗುಳಕ್ಕೆ ತಯಾರಾಗಿಯೇ ಹೋದೆವು. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮಾತಿನಲ್ಲಿ ಆರ್ಥರ್ ಡಾಂಟೊ ಅನ್ನುವ ಅಮೆರಿಕದ ತತ್ವಜ್ಞಾನಿ ಬಂದ. 1964ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಆಂಡಿ ವಾರ್ಹಾಲ್ ಅನ್ನುವ ಕಲಾವಿದ ಪಾತ್ರೆ ಉಜ್ಜುವ ಬ್ರಿಲೋ ಸೋಪ್ ಪ್ಯಾಡಿನ ಪೆಟ್ಟಿಗೆಗಳ ತದ್ರೂಪು ಮಾಡಿ ಇಟ್ಟಿದ್ದ. ಅಂಗಡಿಯ ಪೆಟ್ಟಿಗೆಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ ಅಂದಮೇಲೆ ಕಲೆ ಇರುವುದು ಎಲ್ಲಿ ಅಂತ ಡಾಂಟೊ ಕೇಳಿದ. ಸುತ್ತಲಿನ ಸಿದ್ಧಾಂತದಲ್ಲಿ, ಇತಿಹಾಸದಲ್ಲಿ, ಕಲಾಲೋಕದಲ್ಲಿ ಅಂತ ಅವನೇ ಉತ್ತರವನ್ನೂ ಕೊಟ್ಟ. "ನೀವು ಬರೀ ಚೀಟಿ ಅಂಟಿಸಿದ್ರಿ. ಅದನ್ನ ಕಲೆ ಮಾಡಿದ್ದು ಆ ಅಟೆಂಡರ್" ಅಂದರು ಮೇಷ್ಟ್ರು. ಬಹುಮಾನ ಕೊಡುವುದಾದರೆ ಅವರಿಗೇ ಕೊಡಬೇಕು ಅಂತ ಸ್ಟಾಫ್ ರೂಮಿನಲ್ಲಿ ವಾದ ಬೇರೆ ಮಾಡಿದರಂತೆ.

ಈಗ ನನ್ನನ್ನೂ ಅಲ್ಲಿ ಇಲ್ಲಿ ಮಾತಾಡೋಕೆ ಕರೆಯುತ್ತಾರೆ. ಪತ್ರಿಕೆಗಳಲ್ಲಿ ಬರೆದದ್ದಕ್ಕೆ ಓದುಗರಿದ್ದಾರೆ, ಸುಮ್ನೆ ಯಾಕೆ ಇಲ್ಲ ಅನ್ನಲಿ. ಹೋದ ಕಡೆಯೆಲ್ಲ ಹುಡುಗರು ಗೋಡೆಯ ಚೀಟಿಯನ್ನು ಮೊದಲು ಮೊಬೈಲಿನಲ್ಲಿ ಹಿಡಿಯುತ್ತಾರೆ, ಚಿತ್ರ ಆಮೇಲೆ. ಆರ್ಟಿಸ್ಟ್ ಸ್ಟೇಟ್‌ಮೆಂಟ್ (ಕಲಾವಿದ ತನ್ನ ಕೃತಿಯ ಬಗ್ಗೆ ತಾನೇ ಬರೆಯುವ ಟಿಪ್ಪಣಿ) ಓದಿದರೆ ನಾಲ್ಕು ಸಾಲಿಗೊಬ್ಬ ಫೂಕೋ, ಆ ಫ್ರೆಂಚ್ ಚಿಂತಕ. ಕಲಾವಿದೆ ಶೀಲಾ ಗೌಡ ಅವರ ಕೃತಿಯ ಬಗ್ಗೆ ಒಬ್ಬ ಹುಡುಗ ಇಪ್ಪತ್ತು ಸ್ಲೈಡ್ ತೋರಿಸಿದ. ಸೂಜಿಯಲ್ಲಿ ಪೋಣಿಸಿದ ದಾರಗಳನ್ನು ಕುಂಕುಮದಲ್ಲಿ ಅದ್ದಿ ಹಗ್ಗದ ಹಾಗೆ ಮಾಡುತ್ತಾರೆ ಅನ್ನುವುದು ಮಾತ್ರ ಒಂದರಲ್ಲೂ ಇರಲಿಲ್ಲ. ತಪ್ಪು ಅವನದ್ದಲ್ಲ ಬಿಡಿ. ಸೆಮಿಸ್ಟರ್, ಕ್ರೆಡಿಟ್ಟು, ಪಿಪಿಟಿ ಅಂತ ಓಡಿಸಿದರೆ ಅವನಾದರೂ ಏನು ಮಾಡಿಯಾನು?

ಮೇಷ್ಟ್ರ ಮನೆಯಲ್ಲಿ ಎರಡು ಟ್ರಂಕು ಹಳೆಯ ಕ್ಯಾಲೆಂಡರ್ ಚಿತ್ರಗಳಿವೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರೂ ಅದರಲ್ಲಿದ್ದಾರೆ. ಒಂದು ಸರಸ್ವತಿಗಂತೂ ಯಾರೋ ಹೆಣ್ಣುಮಗಳು ಜರಿ, ಚಮಕಿ ಹೊಲಿದು ಸೀರೆಯನ್ನೇ ಉಡಿಸಿದ್ದಾಳೆ. ಹಿಂದೆ ತಿರುಗಿಸಿದರೆ ಸೂಜಿ ಹೋದ ದಾರಿ ಪೂರ್ತಿ ಕಾಣುತ್ತದೆ. ಕಾಲೇಜಿಗೆ ಕೊಡಲು ಮನೆಯವರು ಸಿದ್ಧರಿದ್ದಾರೆ. ಬೀರುವಿನ ಖರ್ಚು ನನ್ನದು ಅಂತ ಪ್ರಿನ್ಸಿಪಾಲರಿಗೆ ಆಗಲೇ ಹೇಳಿದ್ದೇನೆ. ಒಂದೇ ಷರತ್ತು, ಮಕ್ಕಳು ಕೇಳಿದಾಗ ಕೀಲಿ ಸಿಗಬೇಕು.